ಮೂರನೆಯ ಹಗ್ಗ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ ರತ್ನಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರ ಅಂಶುಮಂತ ಅರವತ್ತನಾಲ್ಕು ವಿದ್ಯೆಗಳನ್ನೂ ಓದಿದ್ದ. ಕರಾಳನೆಂಬ ಮಾಂತ್ರಿಕ ಅವನ ತಂಗಿ ಇಂದುಲೇಖೆಯನ್ನು ಮದುವೆಯಾಗಲು ಬಂದ. ಅವಳು ಒಲ್ಲೆನೆಂದಳು. ಅಷ್ಟಕ್ಕೇ ಅವಳನ್ನು ಮಾಯದ ಬಾವಿಗೆ ತಳ್ಳಿಬಿಟ್ಟ.

"ನೀನೇ ಕೈಯಾರೆ ಹೊಸೆದ ಹಗ್ಗ ಹಿಡಿದರೆ ಮಾತ್ರ ಇವಳು ಮೇಲೆ ಬರುತ್ತಾಳೆ," ಎಂದ ಕರಾಳ ಅಂಶುಮಂತನಿಗೆ. "ಮೂರು ಸಲ ಇಳಿಬಿಡು. ತುಂಡಾದಾಗಲೆಲ್ಲ ನೀರು ಏರುತ್ತದೆ. ಮೂರನೆಯದೂ ತುಂಡಾದರೆ ಬಾವಿ ತುಂಬಿಹೋಗುತ್ತದೆ."

ಅಂಶುಮಂತ ಗ್ರಂಥದಲ್ಲಿ ಓದಿದ್ದಂತೆಯೇ ಹೊಸೆದು ಇಳಿಬಿಟ್ಟ. ಎರಡಾಳೆತ್ತರ ಎಳೆಯುವಷ್ಟರಲ್ಲಿ ಹಗ್ಗ ಹರಿಯಿತು. ನೀರು ಇಂದುಲೇಖೆಯ ಸೊಂಟಕ್ಕೆ ಬಂತು.

ಅವನು ಹಗ್ಗ ಹೊಸೆಯುವ ಮುದುಕಿ ಬೊಮ್ಮಕ್ಕನ ಬಳಿಗೆ ಓಡಿದ. ನಾರು ನೆನೆಸುವುದು, ಎಳೆ ಕೂಡಿಸುವುದು, ಹುರಿ ಬಿಗಿಯುವುದು, ಎಲ್ಲವನ್ನೂ ಅವಳು ಮುಚ್ಚಿಡದೆ ಹೇಳಿದಳು. ಅವನು ಒಂದಕ್ಷರ ತಪ್ಪದೆ ಒಪ್ಪಿಸಿದ. ಹಾಗೆಯೇ ಹೊಸೆದು ಇಳಿಬಿಟ್ಟ ಎರಡನೆಯ ಹಗ್ಗ ಬಾವಿಯ ಅರ್ಧದವರೆಗೆ ಬಂದು ತುಂಡಾಯಿತು. ನೀರು ಅವಳ ಕುತ್ತಿಗೆಗೇರಿತು.

"ಎಲ್ಲ ನೀನು ಹೇಳಿದ ಹಾಗೇ ಮಾಡಿದೆನಲ್ಲ, ಬೊಮ್ಮಕ್ಕ!"

ಮುದುಕಿ ತುಂಡನ್ನು ತಡವಿ ನೋಡಿದಳು. "ಇಲ್ಲಿ ಹುರಿ ಸಡಿಲ ಆಗಿದೆ, ಬುದ್ಧೀ. ಹೊಸೆಯುವಾಗ ತಮಗೆ ಗೊತ್ತಾಯ್ತಾ?"

"ಇಲ್ಲ."

"ಅದು ನಾನು ಹೇಳಿದರೆ ಬರೋದಲ್ಲ. ಕೂತುಕೊಳ್ಳಿ, ಹೊಸೀರಿ."

ಹೊಸೆದ. ಬೊಮ್ಮಕ್ಕ ಎಳೆದು ನೋಡಿ ಬಿಚ್ಚಿ ಹಾಕಿದಳು. ಮತ್ತೆ ಹೊಸೆದ. ಮತ್ತೆ ಬಿಚ್ಚಿದಳು. ಅಂಗೈ ಬೊಬ್ಬೆಯೆದ್ದು ಒಡೆಯಿತು. ಮಾತು ಬಲ್ಲ ಗಿಳಿಯೊಂದು ದಿನವೂ ಬಾವಿಗೆ ಹಣ್ಣು ಒಯ್ದು ಸುದ್ದಿ ತರುತ್ತಿತ್ತು.

"ಇವತ್ತು ಅವಳ ತುಟಿ ನೀಲಿಯಾಗಿದೆ."

"ಇವತ್ತು ಅಣ್ಣ ಎಲ್ಲಿ ಎಂದಳು."

"ಇವತ್ತು ಮಾತಾಡಲಿಲ್ಲ."

ಅಂಶುಮಂತ ಕೈಯಲ್ಲಿದ್ದ ಹಗ್ಗವನ್ನೇ ಎತ್ತಿಕೊಂಡು ಬಾವಿಯ ದಂಡೆಗೆ ಓಡಿದ. "ಚೆನ್ನಾಗಿದೆಯಲ್ಲ, ಇಳಿಬಿಡು," ಎಂದ ಕರಾಳ, ನಗುತ್ತ. ಅಂಶುಮಂತ ಹಗ್ಗದ ಮೇಲೆ ಬೆರಳಾಡಿಸಿದ. ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ಒಂದು ಕಡೆ ಬೆರಳು ತಾನಾಗಿ ನಿಂತಿತು. ಬಿಚ್ಚಿ ನೋಡಿದರೆ ಒಳಗೊಂದು ಎಳೆ ಕೊಳೆತಿತ್ತು.

"ತಂಗೀ, ಇನ್ನೊಂದೇ ದಿನ ತಡಿ," ಎಂದು ಕೂಗಿದ.

ಅಳುತ್ತಲೇ ಅಲ್ಲೇ ಕೂತು ಹೊಸೆದ. ಬೆರಳು ನಿಂತಲ್ಲೆಲ್ಲ ಬಿಚ್ಚಿದ, ಮತ್ತೆ ಹೊಸೆದ. ಮರುದಿನ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಬೆರಳು ಎಲ್ಲೂ ನಿಲ್ಲದೆ ತುದಿ ಮುಟ್ಟಿತು. ಹಗ್ಗ ಇಳಿಬಿಟ್ಟ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಮೆಲ್ಲನೆ ಜಗ್ಗಿದಂತಾಯಿತು.

ಎಳೆದ. ಹಗ್ಗ ಕಿರುಗುಟ್ಟಿತು. ಕರಾಳ ಮಂತ್ರ ಹಾಕಿ ಬಾವಿಯನ್ನು ಇನ್ನೂ ಆಳ ಮಾಡಿದ. ಹಗ್ಗ ಬಿಗಿದುಕೊಂಡಿತೇ ಹೊರತು ಹರಿಯಲಿಲ್ಲ. ಇಂದುಲೇಖೆಯ ಕಾಲು ದಂಡೆಯನ್ನು ಮುಟ್ಟಿದ ಕ್ಷಣ ಮಾಯೆ ಮುರಿದು ಕರಾಳ ಹೊಗೆಯಾದ. ಬಾವಿ ಆ ಹೊಗೆಯನ್ನು ಹೀರಿ ಬಾಯಿ ಮುಚ್ಚಿಕೊಂಡಿತು.

"ಇಷ್ಟು ತಡ ಮಾಡಿದೆಯಲ್ಲೋ, ಅಣ್ಣಾ!" ಎಂದು ಅವಳು ಅವನನ್ನು ತಬ್ಬಿ ಅತ್ತಳು.

ಆಮೇಲೆ ಆ ರಾಜ್ಯದಲ್ಲಿ ಯಾರೂ ಮಾಂತ್ರಿಕರಿಗೆ ಹೆದರಲಿಲ್ಲ. ಅಣ್ಣತಂಗಿ, ಬೊಮ್ಮಕ್ಕ, ಗಿಳಿ, ಊರಿನವರೆಲ್ಲ ಬಹುಕಾಲ ಸುಖವಾಗಿ ಬಾಳಿದರು.