ಒಡೆದ ಪೈಪಿನ ಮೇಲೆ ನಾಲ್ಕು ಕೈ

ಆ ಭಾನುವಾರ ಬೆಳಗಿನಿಂದ ಗುಣವತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಾಸಿದ್ದ ಜಮಖಾನೆಯನ್ನು ಎತ್ತಿ ಮತ್ತೆ ಹಾಸಿದಳು. ಮುಡಿದ ಮಲ್ಲಿಗೆಯನ್ನು ತೆಗೆದಿಟ್ಟಳು, ಪುನಃ ಮುಡಿದಳು. ಅವಳನ್ನು ನೋಡಲು ಬೊಂಬಾಯಿಯ ಹುಡುಗನ ಕಡೆಯವರು ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಆದರೆ ಅವಳ ಕಿವಿ ಇದ್ದದ್ದು ಮಹಡಿಯ ಮೆಟ್ಟಿಲ ಕಡೆಗೆ.

ಮೆಟ್ಟಿಲು ಸದ್ದು ಮಾಡಲಿಲ್ಲ.

ಮದರಾಸಿನ ಪುರಸೈವಾಕ್ಕಂನ ಆ ಗಲ್ಲಿಯಲ್ಲಿ, ಕರಾವಳಿಯಿಂದ ಬಂದು ನೆಲೆಸಿದ್ದ ಅವಳ ಅಪ್ಪ ಐತಪ್ಪನವರ ಹೋಟೆಲು ರಸ್ತೆಗಿತ್ತು, ಮನೆ ಅದರ ಬೆನ್ನಿಗಿತ್ತು. ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದವನು ಬಳ್ಳಾರಿ ಕಡೆಯ ಕೊಟ್ರಪ್ಪ. ಬಳ್ಳಾರಿ ಇನ್ನೂ ಮದರಾಸು ರಾಜ್ಯಕ್ಕೆ ಸೇರಿದ್ದಾಗ ಓದಲು ಬಂದವನು, ಊರು ಮೈಸೂರು ರಾಜ್ಯದ ಪಾಲಾದ ಮೇಲೂ ಇಲ್ಲೇ ಉಳಿದು, ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ ಹಿಡಿದಿದ್ದ.

ಅಡುಗೆಮನೆಯ ಗೋಡೆಗುಂಟ ಮಹಡಿಗೆ ಹತ್ತುವ ಕಬ್ಬಿಣದ ಪೈಪು ತುಕ್ಕು ಹಿಡಿದು ಜಿನುಗತೊಡಗಿದಂದಿನಿಂದ, ಪ್ರತಿ ಭಾನುವಾರ ಅವನು ಸೈಕಲ್ ಟ್ಯೂಬಿನ ಪಟ್ಟಿ, ತಂತಿ ಹಿಡಿದು ಇಳಿದು ಬರುತ್ತಿದ್ದ. ಪಟ್ಟಿ ಸುತ್ತಲು ಎಷ್ಟು ಹೊತ್ತು ಬೇಕು? ಅವನಿಗೆ ಮಾತ್ರ ಕಾಫಿ ಮುಗಿಯುವವರೆಗೂ ಬೇಕಾಗುತ್ತಿತ್ತು. ಗುಣವತಿಯೂ ಕಾಫಿಯನ್ನು ಸುಡುಸುಡು ಕೊಡುತ್ತಿದ್ದಳು, ಬೇಗ ಕುಡಿದು ಏಳಲಾಗದಷ್ಟು ಬಿಸಿ.

ಬೊಂಬಾಯಿಯ ಸುದ್ದಿ ಕಿವಿಗೆ ಬಿದ್ದ ಮೇಲೆ ಅವನು ಇಳಿದು ಬರುವುದನ್ನೇ ನಿಲ್ಲಿಸಿದ್ದ. ಅವಳೂ ಸುಮ್ಮನಿದ್ದಳು. ಒಪ್ಪಿ ಸುಮ್ಮನಿದ್ದದ್ದಲ್ಲ, ಯಾರಿಗೆ ಏನು ಹೇಳಬೇಕೆಂದು ತಿಳಿಯದೆ.

ಅವಳು ಕೊಡ ತೊಳೆಯುತ್ತಿದ್ದಾಗ ಪೈಪು ಗುರ್ರೆಂದಿತು. ಕಾರ್ಪೊರೇಷನ್ ನೀರು ಬರುವ ಹೊತ್ತು. ನೀರಿಗೆ ಮೊದಲು ಗಾಳಿ ನುಗ್ಗುತ್ತದೆ. ಪೈಪು ಒಮ್ಮೆ ನಡುಗಿತು. ಹಳೆಯ ಟ್ಯೂಬು ಪಟ್ಟನೆ ಹರಿದು, ಬೆರಳುದ್ದದ ಸೀಳಿನಿಂದ ನೀರು ಎದುರು ಗೋಡೆಗೆ ರಾಚಿತು.

"ಅಪ್ಪಾ!"

ಐತಪ್ಪ ಓಡಿ ಬಂದವರೇ ಅಂಗಳದ ವಾಲ್ವಿಗೆ ಕೈ ಹಾಕಿದರು. ವರ್ಷಗಳಿಂದ ಯಾರೂ ಮುಟ್ಟದ ವಾಲ್ವು. ಅದರ ಹಿಡಿ ಕೈಗೇ ಕಿತ್ತು ಬಂತು.

"ಎಂತ ಅವಸ್ಥೆ ಮಾರಾಯ್ತಿ ಇದು! ಒತ್ತಿ ಹಿಡ್ಕೊ, ಬಿಡಬೇಡ. ಪ್ಲಂಬರನ್ನು ಕರ್ಕೊಂಡು ಬರ್ತೇನೆ," ಎಂದು ಒದ್ದೆ ಪಂಚೆಯಲ್ಲೇ ಬೀದಿಗಿಳಿದರು. ಹೋಗುತ್ತಾ ಮಹಡಿಯತ್ತ ಕೂಗಿದರು, "ಕೊಟ್ರಪ್ಪನವರೇ, ಸ್ವಲ್ಪ ಕೆಳಗೆ ಬನ್ನಿ!"

ಈಗ ಮೆಟ್ಟಿಲು ಸದ್ದು ಮಾಡಿತು.

ಬಾಗಿಲಲ್ಲಿ ಅವನು ಒಂದು ಕ್ಷಣ ನಿಂತ. ಹೊಸ ಸೀರೆಯುಟ್ಟು, ಅಡಿಯಿಂದ ಮುಡಿಯವರೆಗೆ ನೆನೆದು, ಎರಡೂ ಅಂಗೈಗಳಿಂದ ಪೈಪನ್ನು ಒತ್ತಿ ಹಿಡಿದಿದ್ದಾಳೆ ಗುಣವತಿ. ಅವನು ಟ್ಯೂಬಿನ ಪಟ್ಟಿ ಬಿಚ್ಚುತ್ತಾ ಒಳಗೆ ಬಂದ.

"ಕೈ ತಗೀರಿ, ಸುತ್ತತೀನಿ."

"ತೆಗೆದ್ರೆ ಅಕ್ಕಿ ಡಬ್ಬ ತೇಲ್ತದೆ."

"ಹಂಗಾದ್ರ ತಗೀಬ್ಯಾಡ್ರಿ."

ಅವಳ ಬೆರಳುಗಳ ಸಂದಿಯಿಂದ ಪಟ್ಟಿ ತೂರಿಸಿ, ಎಳೆದು ಸುತ್ತಿ, ಅವಳ ಕೈಗಳ ಮೇಲೆಯೇ ತನ್ನ ಕೈ ಒತ್ತಿದ. ನೀರು ಅರ್ಧ ತಗ್ಗಿತು. ತಂತಿ ಮಾತ್ರ ಹೊಸ್ತಿಲ ಬಳಿಯೇ ಬಿದ್ದಿತ್ತು. ತರಲು ಇಬ್ಬರಲ್ಲಿ ಯಾರು ಕೈ ಬಿಟ್ಟರೂ ಮತ್ತೆ ಕಾರಂಜಿ.

ಅಷ್ಟು ಹತ್ತಿರ ಅವರು ಎಂದೂ ನಿಂತಿರಲಿಲ್ಲ. ಅವನ ರೆಪ್ಪೆಯ ತುದಿಯಲ್ಲಿ ಒಂದು ಹನಿ ನಿಂತಿತ್ತು. ಅದು ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ನೋಡುತ್ತಾ ಗುಣವತಿಗೆ ಉಸಿರಾಡುವುದೇ ಮರೆತುಹೋಯಿತು.

"ನೀವು ಬರುವುದನ್ನೇ ಬಿಟ್ರಿ," ಎಂದಳು.

"ಮನೀಗೆ ಬೀಗರು ಬರೋವಾಗ ನಡುವ ನಾನ್ಯಾಕ್ರಿ?"

"ಬೀಗರು ಅಂತ ಯಾರು ಹೇಳಿದ್ದು?"

"ನಿಮ್ಮ ತಲಿಯಾಗಿನ ಮಲ್ಲಿಗಿ ಹೇಳಾಕತ್ತೈತಿ."

ಮಲ್ಲಿಗೆ ನೆನೆದು ಭಾರವಾಗಿ ಭುಜದತ್ತ ಜಾರುತ್ತಿತ್ತು. "ಅದು ಬೀಳ್ತಾ ಉಂಟು," ಎಂದಳು.

"ನೋಡಾಕತ್ತೀನಿ. ಎತ್ತಿ ಮುಡಿಸೋಣ ಅಂದ್ರ ಕೈ ಖಾಲಿ ಇಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಅಪ್ಪ ಬರುತ್ತಾರೆ, ನೀರು ನಿಲ್ಲುತ್ತದೆ, ಇವನು ಮತ್ತೆ ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳುತ್ತಾನೆ. ಆಮೇಲೆ ಬೊಂಬಾಯಿ.

"ಪೈಪು ಬದಲಾಯಿಸುವ ಅಂತ ಅಪ್ಪ ಎಷ್ಟು ಸಲ ಹೇಳಿದ್ರು ಗೊತ್ತುಂಟಾ?" ತಡವರಿಸುತ್ತಾ ಕೇಳಿದಳು. "ನಾನೇ ಬೇಡ ಹೇಳಿದ್ದು. ಕೊಟ್ರಪ್ಪನವರು ಕಟ್ಟಿದ್ದು ಗಟ್ಟಿ ಉಂಟು ಅಂತ."

"ಗಟ್ಟಿ ಇರಲಿಲ್ರಿ." ಅವನ ದನಿ ಇಳಿಯಿತು. "ಟ್ಯೂಬಿನ ಒಳಗ ತುಕ್ಕು ಇನ್ನೂ ಜೋರ್ ತಿಂತೈತಿ. ಹೊಸಾ ಪೈಪು ಹಾಕ್ಸಿ, ಆಗಾಗ ವಾಲ್ವು ತಿರುವಿ ಎಣ್ಣಿ ಬಿಟ್ಟಿದ್ರ ಇವತ್ತು ಹನಿ ನೀರು ಚೆಲ್ತಿರಲಿಲ್ಲ. ನನಗ ಎಲ್ಲಾ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರ, ಭಾನುವಾರ ಏನು ನೆಪ ಮಾಡಿ ಇಳೀಲಿ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಹಾಗಾದ್ರೆ ಬಾಗಿಲು ಹಾಕಿ ಕೂತದ್ದು ಯಾಕೆ? ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

"ನಮ್ಮ ಊರು ಬ್ಯಾರೆ, ಜಾತಿ ಬ್ಯಾರೆ, ಮಾತೂ ಬ್ಯಾರೆ..."

"ಅದನ್ನೆಲ್ಲ ನಾನು ಕೇಳಲಿಲ್ಲ. ನೀವು ಯಾಕೆ ಕೇಳಲಿಲ್ಲ, ಅದನ್ನು ಹೇಳಿ."

ಅವನ ರೆಪ್ಪೆಯ ಹನಿ ಕೊನೆಗೂ ಉದುರಿತು.

"ಹೆದರಿದ್ದೆ. ಈಗ ಕೇಳ್ತೀನಿ. ಗುಣವತಿ, ನನ್ನ ಜೋಡಿ ಬಾಳ್ವೆ ಮಾಡ್ತೀರೇನ್ರಿ?"

"ಮಾಡ್ತೇನೆ," ಎಂದಳು. ಮರುಕ್ಷಣ ಮುಖಕ್ಕೆ ನೀರು ಚಿಮ್ಮಿತು. "ಅಯ್ಯೋ, ಒತ್ತಿ ಹಿಡೀರಿ! ಕೈ ಸಡಿಲ ಬಿಟ್ರಿ ನೀವು!"

ಇಬ್ಬರೂ ಜೋರಾಗಿ ನಗುತ್ತಿದ್ದಾಗ ಅಂಗಳದಲ್ಲಿ ಪ್ಲಂಬರನ ಸ್ಪ್ಯಾನರು ಸದ್ದು ಮಾಡಿತು. ನೀರು ಸೊರಗುತ್ತಾ ಸೊರಗುತ್ತಾ ನಿಂತಿತು. ಬಾಗಿಲಲ್ಲಿ ಐತಪ್ಪ.

"ನೀರು ನಿಂತಿದೆ," ಎಂದರು ಅವರು.

ಪೈಪಿನ ಮೇಲಿನ ಕೈಗಳು ಏಳಲು ಆಮೇಲೂ ಸ್ವಲ್ಪ ಹೊತ್ತು ಹಿಡಿಯಿತು.

ಪ್ಲಂಬರು ಹೊಸ ಪೈಪು ತರಲು ಹೊರಟ. ಐತಪ್ಪ ಸೀಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಆರು ತಿಂಗಳ ಹಿಂದೆಯೇ ಬದಲಾಯಿಸುವ ಹೇಳಿದ್ದೆ. ಬೇಡ ಹೇಳಿದ್ದು ಯಾರು?"

"ನಾನು," ಎಂದಳು ಗುಣವತಿ.

"ನಾನ್ರಿ," ಎಂದ ಕೊಟ್ರಪ್ಪ, ಅದೇ ಉಸಿರಿಗೆ.

ಐತಪ್ಪ ಮಗಳ ಮುಖ ನೋಡಿದರು, ಅವನ ಮುಖ ನೋಡಿದರು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಅಪ್ಪ, ನಾನು ಬೊಂಬಾಯಿಗೆ ಹೋಗುದಿಲ್ಲ. ನನಗೆ ಇವರು ಬೇಕು."

ಅವರು ಒದ್ದೆ ಹೊಸ್ತಿಲ ಮೇಲೆಯೇ ಕುಳಿತರು. ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಹಿಂಡಿದರು, ನೀರಿಲ್ಲದಿದ್ದರೂ ಮತ್ತೆ ಹಿಂಡಿದರು. "ನಿನ್ನ ಅಮ್ಮ ಇದ್ದಿದ್ರೆ ಅವಳಿಗೆ ಮೊದಲೇ ಗೊತ್ತಾಗ್ತಿತ್ತು," ಎಂದರು. "ನನಗೆ ಪೈಪು ಒಡೀಬೇಕಾಯ್ತು."

ಕೊಟ್ರಪ್ಪನತ್ತ ತಿರುಗಿದರು. "ನಿಮ್ಮ ತಾಯಿ ಎಂತ ಹೇಳ್ತಾರೆ?"

"ಅಳ್ತಾಳ್ರಿ. ನಾ ಊರಿಗೆ ಹೋಗಿ ಅಕಿ ಮುಂದ ಕುಂದ್ರತೀನಿ, ಒಪ್ಪೋತನಕ."

"ಒಪ್ಪದಿದ್ರೆ?"

"ಆಗೂ ಗುಣವತೀನ ಮದುವಿ ಆಗ್ತೀನ್ರಿ."

ಐತಪ್ಪ ಮೊಣಕಾಲಿಗೆ ಕೈಕೊಟ್ಟು ಎದ್ದರು.

"ಬೊಂಬಾಯಿಯವರು ರೈಲಿಳಿದಾಗಿದೆ. ಹಸಿದು ಬಂದವರನ್ನು ಬಾಗಿಲಿನಿಂದ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಊಟ ಆಗಲಿ, ಮತ್ತೆ ವಿಷಯ ನಾನೇ ಹೇಳ್ತೇನೆ. ಬೈದ್ರೆ ಬೈಸಿಕೊಳ್ಳುದು." ಎರಡು ಹೆಜ್ಜೆ ಹೋಗಿ ನಿಂತರು. "ಕೊಟ್ರಪ್ಪ, ನೀವೆಂತ ನೋಡ್ತಾ ನಿಂತದ್ದು? ಒಣ ಅಂಗಿ ಹಾಕಿ ಬನ್ನಿ. ಮನೆಯವರೇ ಬಡಿಸದಿದ್ರೆ ಇನ್ನು ಯಾರು ಬಡಿಸುದು?"

ಅವರು ಹೋಟೆಲಿನತ್ತ ನಡೆದರು. ಕೊಟ್ರಪ್ಪನಿಗೆ ತಟ್ಟನೆ ಅರ್ಥವಾಗಲಿಲ್ಲ. ಯಾವ ಮನೆಯವರು ಎಂಬಂತೆ ಗುಣವತಿಯನ್ನು ನೋಡಿದ.

ಅವಳು ಕಣ್ಣು ತಗ್ಗಿಸಲಿಲ್ಲ. "ನೀವೇ ಮಾರಾಯ್ರೆ," ಎಂದಳು. "ಹೋಗಿ, ಬೇಗ ಬನ್ನಿ."