ಅರವತ್ತೊಂದನೇ ಕಿಲೋಮೀಟರಿನ ಬಿರುಕು

ಅಟಕಾಮಾ ಮರುಭೂಮಿಯ ಹೆದ್ದಾರಿಗೆ ತೇಪೆ ಹಾಕುತ್ತ ನನಗೆ ಹತ್ತೊಂಬತ್ತು ವರ್ಷವಾಯಿತು. ರಸ್ತೆಯ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ.

ಅಪಘಾತದಲ್ಲಿ ಸತ್ತವರಿಗೆ ನಮ್ಮವರು ರಸ್ತೆಬದಿಯಲ್ಲಿ ಗುಡಿಯಂಥ ಪುಟ್ಟ ಗೂಡು ಕಟ್ಟುತ್ತಾರೆ. ಅದನ್ನು ಸರಿಸುವ ಮುಂಚೆ ಮೇಣದಬತ್ತಿ ಹಚ್ಚಿ, ಸತ್ತವರನ್ನು ಹೆಸರು ಹಿಡಿದು ಕರೆದು ಅಪ್ಪಣೆ ಕೇಳಬೇಕು. ರಸ್ತೆ ಅಗಲ ಮಾಡುವಾಗ ಅರವತ್ತೊಂದನೇ ಕಿಲೋಮೀಟರಿನಲ್ಲಿ ಎದೆಲ್ಮೀರಾ ಎಂಬುವಳ ಗೂಡು ಅಡ್ಡ ಬಂತು.

"ಈ ಗಾಳೀಲಿ ಬತ್ತಿ ಎಲ್ಲಿ ಉರಿಯುತ್ತೆ ಮಾರಾಯ? ಎತ್ತಿ ಆಚೆ ಇಡು, ಅವಳೇನು ಜಗಳಕ್ಕೆ ಬರ್ತಾಳಾ?" ಎಂದ ಮೇಸ್ತ್ರಿ ನೊಲ್ಬೆರ್ತೊ. ನಾನು ಎತ್ತಿಟ್ಟೆ. ಆ ಜಾಗದ ಮೇಲೆ ಡಾಂಬರು ಹಾಕಿದೆವು.

ವಾರದೊಳಗೆ ಅಲ್ಲಿ ಬಿರುಕು ಬಿಟ್ಟಿತು. ಮೂರು ಸಲ ಮುಚ್ಚಿದೆವು, ಮೂರು ಸಲವೂ ಅಲ್ಲೇ ಬಾಯಿ ಬಿಟ್ಟಿತು. ಬೂಟು ಸುಡುವ ನಡುಮಧ್ಯಾಹ್ನದಲ್ಲೂ ಅಲ್ಲಿ ಅಂಗೈ ಇಟ್ಟರೆ ತಣ್ಣಗಿತ್ತು. ಒಳಗೇನಾಗಿದೆ ನೋಡೋಣವೆಂದು ಯಂತ್ರದಿಂದ ಕೊರೆದು ಡಾಂಬರಿನ ತುಂಡೊಂದನ್ನು ಹೊರತೆಗೆದೆವು. ಅದರೊಳಗೆ, ಅಷ್ಟು ಕುದಿಯುವ ಡಾಂಬರಿಗೂ ಕರಗದೆ, ಬೆರಳುದ್ದದ ಮೇಣದಬತ್ತಿ ನೆಟ್ಟಗೆ ನಿಂತಿತ್ತು.

"ನೀನು ಹಾಕಿದ್ಯೇನೋ?" ನೊಲ್ಬೆರ್ತೊ ನನ್ನನ್ನು ಕೇಳಿದ.

"ಇಲ್ಲಣ್ಣ, ದೇವರಾಣೆ."

ಆ ತುಂಡು ಈಗ ಕಚೇರಿಯ ಕಪಾಟಿನಲ್ಲಿದೆ. ಬೀಗದ ಕೈ ನನ್ನ ಬಳಿಯೇ ಇದೆ. ನೊಲ್ಬೆರ್ತೊ ದಿನಾ ಬೆಳಿಗ್ಗೆ ಬಾಗಿಲಲ್ಲೇ ನಿಂತು, "ಇನ್ನೆಷ್ಟಿದೆ?" ಎಂದು ಕೇಳುತ್ತಾನೆ. ಬತ್ತಿಯನ್ನು ಹಚ್ಚಿದವರು ಯಾರೂ ಇಲ್ಲ, ಆದರೂ ಅದು ದಿನಾ ಸವೆಯುತ್ತಿದೆ. ಇವತ್ತು ಅಳೆದಾಗ ಉಗುರಿನಷ್ಟು ಉಳಿದಿತ್ತು.