ಕೆರೆಯಂಗಳದ ದಾಖಲೆ ಸುತ್ತು

"ನನ್ ಮಗನ್ನ ಸಾಯಿಸ್ಬಿಡ್ತಾರೆ ತೀರ್ಥಕ್ಕಾ, ಬೇಗ ಬನ್ನಿ!"

ನಮ್ಮ ಅಜ್ಜಂಪುರದ ಮನೆ ಬಾಗಿಲಲ್ಲಿ ಕುಸಿದು ಕೂತ ಶಕುಂತಲಮ್ಮನ ಸೆರಗು ಮಗನ ರಕ್ತದಲ್ಲಿ ನೆನೆದಿತ್ತು. ನಾನು ನೀರು ತರುವಷ್ಟರಲ್ಲಿ ನನ್ನ ಅತ್ತೆ ತೀರ್ಥಮ್ಮ ಚಪ್ಪಲಿ ಮೆಟ್ಟಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೂ ಸುತ್ತಲಿನವರು ಹುಡುಕಿಕೊಂಡು ಬರುತ್ತಿದ್ದದ್ದು ಅವರನ್ನೇ. ನಾನು ಒಲೆ ಆರಿಸಿ ಶಕುಂತಲಮ್ಮನ ಜೊತೆ ಹಿಂದೆಯೇ ಹೊರಟೆ.

ಬುಕ್ಕಾಂಬುಧಿ ಕಡೆಯ ಬತ್ತಿದ ಕೆರೆಯೊಂದರಲ್ಲಿ ಬೇಸಿಗೆಗೊಮ್ಮೆ ಕಾರ್ ರೇಸ್ ನಡೆಯುತ್ತಿತ್ತು. ಅಂಗಳದ ನಡುವೆ ಚೌಡಮ್ಮನ ಗುಡಿ, ಅದರ ಸುತ್ತ ಮಣ್ಣಿನ ಟ್ರ್ಯಾಕ್. ಅತಿ ವೇಗದ ಸುತ್ತಿನ ಬೋರ್ಡಿನ ಮೇಲೆ ಮೂವತ್ತು ವರ್ಷದಿಂದ ಒಂದೇ ಹೆಸರು: ಶಿವಮೂರ್ತಪ್ಪ. ಅವರ ಹಳೇ ಜೀಪಿನ ವೇಗವನ್ನು ಈಗಿನ ರ‍್ಯಾಲಿ ಕಾರುಗಳೂ ಮುರಿಯಲಾಗದ್ದು ಎಲ್ಲರಿಗೂ ಸೋಜಿಗ.

ಆ ಕಾಲದಿಂದಲೂ ಗಡಿಯಾರ ಹಿಡಿದು ಸುತ್ತು ಅಳೆಯುತ್ತಿದ್ದ ದೇವೀರಪ್ಪ ಈಗ ಟ್ರ್ಯಾಕಿನಲ್ಲಿ ಹೆಣವಾಗಿ ಬಿದ್ದಿದ್ದರು. ಕಾರು ಗುದ್ದಿ ಎಳೆದೊಯ್ದು ಕಾಲುಗಳು ತಿರುಚಿಹೋಗಿದ್ದವು. ಸಾಲದ್ದಕ್ಕೆ ಜಾಕಿನ ರಾಡಿನಿಂದ ತಲೆ ಒಡೆಯಲಾಗಿತ್ತು.

ಗುದ್ದಿದ್ದು ಶಕುಂತಲಮ್ಮನ ಮಗ ದುಷ್ಯಂತನ ಕಾರು. ಮುಂಜಾನೆ ಡೇರೆಯಲ್ಲಿ ಮಲಗಿದ್ದವನನ್ನು ಜನ ಎಳೆದು ತಂದು ಶಾಮಿಯಾನದ ಕಂಬಕ್ಕೆ ಕಟ್ಟಿ ಬಡಿದಿದ್ದರು. ಮುಂದಿನ ಹಲ್ಲು ಉದುರಿ ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ಸ್‌ಪೆಕ್ಟರ್ ಕೆಂಪರಾಜು ಲಾಠಿ ಅಡ್ಡ ಹಿಡಿದು ಜನರನ್ನು ತಡೆಯುತ್ತಿದ್ದರು.

"ನಿನ್ನೆ ಗಡಿಯಾರ ಸರಿಗಿಲ್ಲ ಅಂತ ಜಗಳ ಆಡಿದ್ನಲ್ಲ, ಇವ್ನೇ!" ಯಾರೋ ಕೂಗಿದರು.

"ಜಗಳ ಆಡ್ದೋರೆಲ್ಲ ಕೊಲೆಗಾರರಾದ್ರೆ ನನ್ ಸೊಸೆನ ಮೊದ್ಲು ಹಿಡೀಬೇಕು ಕಣಪ್ಪಾ," ಎಂದರು ಅತ್ತೆ.

ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದ ಶಿವಮೂರ್ತಪ್ಪ ಎದೆ ಒತ್ತಿಕೊಂಡು ತುಂಡು ತುಂಡಾಗಿ ಉಸಿರಾಡುತ್ತಿದ್ದರು. "ಹಳೇ ಸ್ನೇಹಿತ ಕಣಮ್ಮ. ಸಂಕಟ ತಡಿಯಕ್ಕಾಗ್ತಿಲ್ಲ. ಈಗಿನೋರಿಗೆ ಭಯ ಭಕ್ತಿ ಎಲ್ಲೈತೆ? ಗುಡೀನ ಎಡಕ್ಕಿಟ್ಟು ಓಡಿಸ್ತಾರೆ. ನಮ್ ಕಾಲ್ದಲ್ಲಿ ಹಂಗೆ ಓಡ್ಸಿದ್ರೆ ಕೈ ಬಿದ್ದೋಗ್ತದೆ ಅಂತಿದ್ವಿ."

ಟ್ರ್ಯಾಕಿಗೆ ಹಿಂದಿನ ಸಂಜೆ ನೀರು ಹೊಡೆದಿದ್ದರಿಂದ ಹಸಿ ಮಣ್ಣಿನಲ್ಲಿ ಗುಡಿಗೆ ಎದುರಿದ್ದ ಶೆಡ್ಡಿನಿಂದ ಹೊರಟ ಒಂದೇ ಕಾರಿನ ಗುರುತು ಸ್ಪಷ್ಟವಾಗಿತ್ತು. ಅತ್ತೆ ಅದರ ಜೊತೆ ಪೂರ್ತಿ ನಡೆದರು. ಆಮೇಲೆ ಕಾರಿನೊಳಗೆ ಬಗ್ಗಿದರು. ಸ್ಟೇರಿಂಗ್ ಬಾಗಿತ್ತು, ಬೆಲ್ಟುಗಳು ಸೀಟಿಗೆ ಸುತ್ತಿ ಕಟ್ಟಿದಂತೆಯೇ ಇದ್ದವು. ಕೊನೆಗೆ ಚಹಾ ಮಾರುವ ಜವರಮ್ಮನನ್ನು ಕೇಳಿದರು, "ದೇವೀರಪ್ಪ ನಿನ್ನೆ ಏನಂದ?"

"ನಾಳೆ ಮೈಕಲ್ಲಿ ಒಂದ್ ಹಳೇ ಸತ್ಯ ಹೇಳ್ಬಿಡ್ತೀನಿ ಕಣೇ, ಅಂದ್ರು. ಶಿವಮೂರ್ತಪ್ಪೋರೂ ಅಲ್ಲೇ ಚಾ ಕುಡೀತಿದ್ರು."

ಅತ್ತೆ ಎಲ್ಲರನ್ನೂ ಶಾಮಿಯಾನದ ಕೆಳಗೆ ಸೇರಿಸಿದರು.

"ಕಾರು ನಿಂತಿದ್ದ ಶೆಡ್ಡಿನ ಬಲಕ್ಕೆ, ಕೂಗಿದ್ರೆ ಕೇಳೋ ದೂರದಲ್ಲಿ ದೇವೀರಪ್ಪ ನಿಂತಿದ್ದ. ದುಷ್ಯಂತ ಆಗಿದ್ರೆ ದಿನಾ ಓಡ್ಸೋ ಹಂಗೆ ಬಲಕ್ಕೆ ತಿರುಗಿಸಿ ನೇರ ಗುದ್ದುತಿದ್ದ. ಈ ಕಾರು ಎಡಕ್ಕೆ ತಿರುಗಿ, ಚೌಡಮ್ಮನ್ನ ಬಲಕ್ಕಿಟ್ಟುಕೊಂಡು ಇಡೀ ಅಂಗಳ ಸುತ್ತಿ ಹಿಂದಿನಿಂದ ಬಂದೈತೆ. ಕೊಲ್ಲಕ್ಕೆ ಹೊರಟೋನಿಗೂ ಅಪ್ರದಕ್ಷಿಣೆಗೆ ಧೈರ್ಯ ಬರ್ಲಿಲ್ಲ. ಈಗಿನ ಹುಡುಗ್ರು ಬೆಲ್ಟ್ ಇಲ್ದೆ ಕಾರು ಅಲ್ಲಾಡ್ಸಲ್ಲ. ಕೊಂದೋನು ಹಾಕಿಲ್ಲ, ಗುದ್ದಿದಾಗ ಸ್ಟೇರಿಂಗ್ ಎದೆಗೆ ಬಡಿದೈತೆ. ಶಿವಮೂರ್ತಪ್ಪೋರೇ, ಶಾಲು ತೆಗೀರಿ."

ಅವರು ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು. ಕೆಂಪರಾಜು ಶಾಲು ಎಳೆದರು. ತೆರೆದ ಅಂಗಿಯೊಳಗೆ ಎದೆಯ ಮೇಲೆ ಕಪ್ಪುಗಟ್ಟಿದ ದೊಡ್ಡ ಬಳೆಯಂಥ ಗುರುತು.

"ಅವತ್ತು ದಾಖಲೆ ಮಾಡ್ದಾಗ ಧೂಳಲ್ಲಿ ಆಚೆ ತಿರುವು ಬಿಟ್ಟು ಅಡ್ಡ ನುಗ್ಗಿದ್ದೆ!" ಶಿವಮೂರ್ತಪ್ಪ ಕಿರುಚಿದರು. "ಅವ್ನೊಬ್ನೇ ನೋಡಿದ್ದ. ಇಷ್ಟು ವರ್ಷ ಸುಮ್ನಿದ್ದೋನಿಗೆ ಈಗ್ಯಾಕೆ ಬೇಕಿತ್ತು? ಎಲ್ಲಾ ಈ ಹುಡ್ಗ ಗಡಿಯಾರದ್ದು ಕೆದಕಿದ್ರಿಂದ್ಲೇ! ಆ ಹೆಸ್ರು ಬಿಟ್ರೆ ನನ್ಗೇನೈತೆ?"

ಸಾಕ್ಷಿಗೆಂದು ಮೇಜಿನ ಮೇಲಿಟ್ಟಿದ್ದ ಜಾಕಿನ ರಾಡು ಕಸಿದು ಅವರು ದುಷ್ಯಂತನಿದ್ದ ಕಂಬದ ಕಡೆ ನುಗ್ಗಿದರು. ಶಕುಂತಲಮ್ಮ ಮಗನ ಮೇಲೆ ಅಡ್ಡ ಬಿದ್ದರು. ರಾಡು ಆಕೆಯ ಭುಜದ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಎರಡನೇ ಏಟಿಗೆ ರಾಡು ಎತ್ತುವ ಮೊದಲೇ ಕೆಂಪರಾಜುವಿನ ಲಾಠಿ ಅವರ ಮಣಿಕಟ್ಟು ಮುರಿಯಿತು.

ಹಗ್ಗ ಬಿಚ್ಚಿದಾಗ ದುಷ್ಯಂತ ತಾಯಿಯ ಮೇಲೆಯೇ ಕುಸಿದ. ಹೊಡೆದವರು ಒಬ್ಬೊಬ್ಬರಾಗಿ ಹಿಂದೆ ಸರಿದರು.

"ಅವ್ವಾ, ನಾನಲ್ಲ..."

"ಗೊತ್ತು ಕಣೋ. ನಿನ್ನ ಹೆತ್ತೋಳಿಗೆ ಗೊತ್ತಿಲ್ವಾ?" ಎಂದು ಶಕುಂತಲಮ್ಮ ಗಟ್ಟಿಯಿದ್ದ ಒಂದೇ ಕೈಯಿಂದ ಅವನ ಬಾಯಿಯ ರಕ್ತ ಒರೆಸತೊಡಗಿದರು.